ಮುಟ್ಟು ನಿಂತ ದಿನ

‘ಮುಟ್ಟು ನಿಂತ ದಿನದಿಂದ ಒಂಬತ್ತು ವಾರದೊಳಗೆ.’

ಈ ಸಾಲನ್ನು ಕನ್ನಡಕ್ಕೆ ತಂದವರು ಒಬ್ಬ ಡಾಕ್ಟರು. ಅಚ್ಚಿಗೆ ಹೋಗುವ ಮುಂಚೆ ಅದಕ್ಕೆ ಸಹಿ ಹಾಕಿದವರು ಮೂವರು, ಅವರಲ್ಲಿ ನಾನೂ ಒಬ್ಬಳು. ಗಮನವಿಟ್ಟು ಓದಿ, ಕ್ಯಾಲೆಂಡರ್ ಹಿಡಿದು ಎಣಿಸಿದವಳು ಮಾತ್ರ ಮೀನಾ. ಸಾವಿನ ತನಕ ಹೋಗಿ ಬಂದವಳೂ ಅವಳೇ. ಸರಿಯಾಗಿ ಓದದ ನಾವೆಲ್ಲ ಆರಾಮವಾಗಿದ್ದೇವೆ.

ನಾನು ವನಿತಾ. ಚಾಮರಾಜನಗರದಲ್ಲಿ ಸರ್ಕಾರಿ ನರ್ಸು, ಹೆಂಗಸರ ವಾರ್ಡಿನಲ್ಲೇ ಇಪ್ಪತ್ತೆರಡು ವರ್ಷ ಸವೆಸಿದವಳು. ಬಾಯಿ ಜೋರು ಅಂತ ಹೆಸರಿದೆ, ಇಲ್ಲ ಅನ್ನುವುದಿಲ್ಲ. ಇಲ್ಲಿನ ಖಾಸಗಿ ಡಾಕ್ಟರುಗಳ ಸಂಘವೊಂದು ತಿಂಗಳಿಗೊಮ್ಮೆ ‘ವೈದ್ಯ ಒಡನಾಡಿ’ ಅಂತ ಎಂಟು ಪುಟದ ಪತ್ರಿಕೆ ತರುತ್ತದೆ. ಡಾಕ್ಟರು, ನರ್ಸು, ಮೆಡಿಕಲ್ ಸ್ಟೋರಿನವರಿಗೆಂದು ಆರುನೂರು ಪ್ರತಿ. ಅದರಲ್ಲಿ ಬಾಣಂತಿಯರ ಆರೈಕೆ ಬಗ್ಗೆ ಅರ್ಧ ಪುಟ ನಾನು ಬರೆಯುತ್ತೇನೆ. ಆ ಕಾರಣಕ್ಕೆ ಸಂಪಾದಕ ಮಂಡಳಿಯಲ್ಲಿ ನನಗೂ ಒಂದು ಕುರ್ಚಿ. ‘ಹೆಂಗಸರ ಪ್ರಾತಿನಿಧ್ಯ’ ಅಂತ ಅದಕ್ಕೆ ಹೆಸರು.

ಮಾರ್ಚ್ ಸಂಚಿಕೆಯ ಹಿಂಬದಿಯ ಪುಟ ಗುಲಾಬಿ ಬಣ್ಣದ್ದು. ಗರ್ಭ ತೆಗೆಸುವ ಮಾತ್ರೆಯ ಜಾಹೀರಾತು. ರೇಷ್ಮೆ ಸೀರೆಯುಟ್ಟ ಹೆಂಗಸೊಬ್ಬಳು ನಗುತ್ತಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ ನಾನು ಮೊದಲು ಹೇಳಿದ ಸಾಲು. ಅದರ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ವೈದ್ಯರ ಬಳಕೆಗೆ ಮಾತ್ರ’. ಕರಡು ಪ್ರತಿ ನನ್ನ ಕೈಗೂ ಬಂದಿತ್ತು. ನಾನು ಏನು ಮಾಡಿದೆ? ನನ್ನ ಅರ್ಧ ಪುಟದಲ್ಲಿ ಒತ್ತಕ್ಷರ ಸರಿಯಿದೆಯೇ ನೋಡಿದೆ, ಗುಲಾಬಿ ಪುಟ ಮಗುಚಿ ಸಹಿ ಹಾಕಿ ಕೊಟ್ಟೆ. ಬೇರೆಯವರನ್ನು ಬೈಯುವ ಮುಂಚೆ ಇದನ್ನು ಹೇಳಲೇಬೇಕು.

ಏಪ್ರಿಲ್ ಐದರ ಬೆಳಿಗ್ಗೆ ಮೀನಾಳನ್ನು ಕರೆತಂದರು. ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಸಾಗಿಸುವ ಗಾಡಿ ಓಡಿಸುತ್ತಾನೆ ಅವಳ ಗಂಡ ಮಹಾಲಿಂಗ. ಆ ದಿನ ಟೊಮೆಟೊ ಕ್ರೇಟುಗಳನ್ನು ರಸ್ತೆ ಬದಿ ಇಳಿಸಿ, ಅದೇ ಗಾಡಿಯಲ್ಲಿ ಹೆಂಡತಿಯನ್ನು ಮಲಗಿಸಿಕೊಂಡು ತೆರಕಣಾಂಬಿ ದಾಟಿ ಬಂದಿದ್ದ. ಅವಳು ಉಟ್ಟಿದ್ದ ಸೀರೆಯ ಬಣ್ಣ ಯಾವುದೆಂದು ಗೊತ್ತಾಗುವಂತಿರಲಿಲ್ಲ. ಮಾತ್ರೆ ನುಂಗಿ ಎರಡು ದಿನ ಆಗಿತ್ತು. ಒಳಗಿನದು ಅರ್ಧ ಹೋಗಿ ಅರ್ಧ ಉಳಿದಿತ್ತು. ಡ್ಯೂಟಿ ಡಾಕ್ಟರು ಕ್ಲೀನ್ ಮಾಡಿದರು, ನಾಲ್ಕು ಬಾಟಲಿ ರಕ್ತ ಕೊಟ್ಟೆವು. ಹನ್ನೆರಡೂವರೆ ವಾರ ಮೀರಿದೆ, ಇಷ್ಟು ಬಲಿತ ಮೇಲೆ ಮನೆಯಲ್ಲಿ ನುಂಗುತ್ತಾರಾ ಎಂದು ಡಾಕ್ಟರು ತಲೆಯಾಡಿಸಿದರು.

ಮೀನಾ ನನಗೆ ಹೊಸಬಳಲ್ಲ. ಡಾಕ್ಟರ ಸಂಘದ ಹಾಲಿನಲ್ಲಿ ಕಸ ಗುಡಿಸಿ, ಟೀ ಕಾಸಿ, ಪತ್ರಿಕೆ ಮಡಿಚಿ ವಿಳಾಸದ ಚೀಟಿ ಅಂಟಿಸುವ ಸುಂದ್ರಮ್ಮನ ಮಗಳು. ಸುಂದ್ರಮ್ಮ ಉಮ್ಮತ್ತೂರಿನಿಂದ ದಿನಾ ಬಸ್ಸಿನಲ್ಲಿ ಬರುವವಳು. ಅಕ್ಷರ ಬಾರದು. ಮಗಳನ್ನು ಮಾತ್ರ ಪಿಯುಸಿ ತನಕ ಓದಿಸಿದ್ದಳು. ಮೀನಾಗೆ ಎರಡು ಹೆಣ್ಣುಮಕ್ಕಳು, ಚಿಕ್ಕದಕ್ಕೆ ನಾಲ್ಕು ವರ್ಷ. ಈಗಷ್ಟೇ ಒಂದು ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಮೂರನೆಯದು ಬೇಡ ಎಂದು ಗಂಡ ಹೆಂಡತಿ ಕೂತು ಮಾತಾಡಿಕೊಂಡು ತೀರ್ಮಾನಿಸಿದ್ದರು.

ಮೂರನೇ ದಿನ ಅವಳಿಗೆ ಸರಿಯಾಗಿ ಎಚ್ಚರವಾಯಿತು. ರೌಂಡ್ಸಿಗೆ ಬಂದವರೆಲ್ಲ ಅವಳಿಗೆ ಬುದ್ಧಿ ಹೇಳಿ ಹೋಗಿದ್ದರು. ನಾನೂ ಶುರುಮಾಡಿದೆ.

“ಅಲ್ಲ ಕಣಮ್ಮಿ, ಓದಿದವಳು ನೀನು. ಮೂರು ತಿಂಗಳು ತುಂಬೋ ತನಕ ಸುಮ್ನಿದ್ದು ಆಮೇಲೆ ಮಾತ್ರೆ ನುಂಗ್ತಾರಾ?”

ಗೋಡೆ ಕಡೆ ಮುಖ ತಿರುಗಿಸಿದಳು. ಮಧ್ಯಾಹ್ನ ಮಹಾಲಿಂಗ ಬಂದಾಗ ಸೀರೆ ಬೇಕಾ, ಹಣ್ಣು ಬೇಕಾ ಎಂದು ಕೇಳಿದ. “ಗ್ವಾಡೆ ಮೇಲಿರೋ ಕ್ಯಾಲೆಂಡರ್ ತಕ ಬಾ” ಎಂದಳು. ಅವನು ಮಾರನೆಯ ದಿನ ಸುತ್ತಿ ತಂದುಕೊಟ್ಟ. ಅವಳು ಅದನ್ನು ಹೊಟ್ಟೆಯ ಮೇಲೆ ಬಿಚ್ಚಿಟ್ಟುಕೊಂಡು ನನ್ನನ್ನು ಕರೆದಳು.

“ನೋಡಿ ಸಿಸ್ಟರ್. ಜನವರಿ ಐದಕ್ಕೆ ಮುಟ್ಟಾದೆ, ಇಲ್ಲಿ ಗೀಟು ಆಕಿವ್ನಿ. ಫೆಬ್ರವರಿ ಎಲ್ಡಕ್ಕೆ ಬರ್ಬೇಕಿತ್ತು, ಬರ್ನಿಲ್ಲ. ಅಲ್ಲಿಗೆ ನಿಂತೋಯ್ತು. ಯುಗಾದಿಗೆ ಅವ್ವನ ಮನೆಗೆ ಬಂದಾಗ ಪಾತ್ರೆ ಗೂಡಿಗೆ ಹಾಸಿದ್ದ ಕಾಗ್ದದಲ್ಲಿ ಓದ್ದೆ, ನಿಂತ ದಿನದಿಂದ ಒಂಬತ್ತು ವಾರ ಅಂತ. ಎಣಿಸ್ದೆ. ಏಪ್ರಿಲ್ ಆರಕ್ಕೆ ಒಂಬತ್ತು ವಾರ. ಟೈಮದೆ ಅಂತ ಇವ್ರು ಬರೋಗಂಟ ತಡಕಂಡೆ. ಮೂರ್ನೇ ತಾರೀಕ್ಗೆ ತಕಂಡೆ. ಇನ್ನೂ ಮೂರು ದಿನ ಮಿಕ್ಕಿತ್ತು ಸಿಸ್ಟರ್. ನಾನು ಎಲ್ಲಿ ತಪ್ಪಿವ್ನಿ ಏಳಿ.”

ನಾನೂ ಬೆರಳಿಟ್ಟು ಎಣಿಸಿದೆ. ಅವಳು ಎಲ್ಲೂ ತಪ್ಪಿರಲಿಲ್ಲ.

ನಮ್ಮ ಕಡೆ ಹೆಂಗಸರನ್ನು ಯಾರನ್ನಾದರೂ ಕೇಳಿ. ಮುಟ್ಟು ನಿಂತಿದೆ ಅಂದರೆ ಬಸುರಿ ಎಂದೇ ಅರ್ಥ. ನಿಂತ ದಿನ ಅಂದರೆ ಬರಬೇಕಾಗಿದ್ದು ಬರದೆ ಹೋದ ದಿನ. ಡಾಕ್ಟರರ ಎಣಿಕೆ ಬೇರೆ. ಅವರು ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಹಿಡಿಯುತ್ತಾರೆ. ಈ ಎರಡರ ನಡುವೆ ಪೂರ್ತಿ ನಾಲ್ಕು ವಾರ. ಮೀನಾಳ ಒಂಬತ್ತು ವಾರ ಡಾಕ್ಟರರ ಹದಿಮೂರು ವಾರ. ಇಪ್ಪತ್ತೆರಡು ವರ್ಷದಿಂದ ದಿನಾ ವಾರ್ಡಿನಲ್ಲಿ “ನಿಂತಿದ್ದು ಬಿಡವ್ವ, ಕೊನೇಸಲ ಆಗಿದ್ದು ಯಾವಾಗ ಹೇಳು” ಎಂದು ಕೇಳುವವಳು ನಾನು. ನನಗೆ ಗೊತ್ತಿದ್ದ ವಿಷಯ, ನನ್ನ ಸಹಿ ಬಿದ್ದ ಹಾಳೆ.

“ಮೆಡಿಕಲ್ ಅಂಗಡಿಯವನು ಏನೂ ಕೇಳಲಿಲ್ವಾ?” ಎಂದೆ.

“ಕೇಳ್ದ. ನಿಂತು ಎಂಟೂವರೆ ವಾರ ಅಂದೆ. ಅವನೂ ಅದೇ ಗುಲಾಬಿ ಕಾಗ್ದ ತೆಗ್ದು ನೋಡಿ, ಒಂಬತ್ತರ ಒಳ್ಗದೆ ತಕಳಿ ಅಂದ.”

ಡಾಕ್ಟರ ಚೀಟಿಯಿಲ್ಲದೆ ಕೊಟ್ಟ ಆ ಅಂಗಡಿಯವನಿಗೆ ನನ್ನ ಬೈಗುಳ ಬೇರೆ ಇದೆ. ಆದರೆ ಅವನೂ ಓದಿಯೇ ಕೊಟ್ಟಿದ್ದ. ಮೀನಾ ಕ್ಯಾಲೆಂಡರನ್ನು ಸುತ್ತಿ ನನ್ನ ಕೈಗಿಟ್ಟಳು. “ಆ ಪೇಪರ್ನವ್ರಿಗೆ ತೋರ್ಸಿ ಸಿಸ್ಟರ್. ನನ್ನಂಗೆ ಇನ್ಯಾರೋ ಇವತ್ತು ಎಣಿಸ್ತಾ ಕೂತಿರ್ತಾರೆ” ಎಂದಳು. ಆಮೇಲೆ ದನಿ ತಗ್ಗಿಸಿ, “ಆ ಕಾಗ್ದ ಮನೆಗೆ ತಂದಿದ್ದು ಅವ್ವ. ಅವ್ಳಿಗೆ ಮಾತ್ರ ಏಳ್ಬೇಡಿ” ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಆ ಭಾನುವಾರವೇ ಸಂಘದ ಹಾಲಿನಲ್ಲಿ ಮಂಡಳಿಯ ಸಭೆ. ನನ್ನ ಅದೃಷ್ಟಕ್ಕೆ ಚರ್ಚೆಯ ವಿಷಯವೂ ಅದೇ ಜಾಹೀರಾತು. ಆಕ್ಷೇಪಣೆ ಬಂದಿತ್ತು. ಮೀನಾ ಬಗ್ಗೆ ಅಲ್ಲ. ಹಿರಿಯ ವೈದ್ಯರಾದ ಡಾಕ್ಟರ್ ಮರಿಮಲ್ಲಪ್ಪ ನಾಲ್ಕು ಪುಟದ ಪತ್ರ ಬರೆದುಕೊಂಡು ಬಂದಿದ್ದರು. ಹಣೆಗೆ ವಿಭೂತಿ ಹಚ್ಚಿದ್ದರು. ಎದ್ದು ನಿಂತು ಓದಿದರು. ಜೀವ ಉಳಿಸುವವರ ಪತ್ರಿಕೆಯಲ್ಲಿ ಜೀವ ತೆಗೆಯುವ ಮಾತ್ರೆಯ ಚಿತ್ರ ಬರಬಾರದು, ಅದೂ ನಗುವ ಹೆಂಗಸಿನ ಚಿತ್ರ ಹಾಕಿ, ಎಂದು.

ಅವರ ಮಾತಿಗೆ ನಾನು ನಗುವುದಿಲ್ಲ. ಅವರು ನಂಬಿದ್ದನ್ನು ಹೇಳಿದರು. ಹುಟ್ಟುವ ಮಕ್ಕಳನ್ನು ಹಿಡಿದ ಕೈ ನನ್ನದೂ, ತೆಗೆಸುವ ಕೆಲಸ ನನಗೂ ಸಂಭ್ರಮವಲ್ಲ. ಆ ನಗುವ ಹೆಂಗಸಿನ ಚಿತ್ರ ನೋಡಿದರೆ ನನಗೂ ಮೈ ಉರಿಯುತ್ತದೆ. ತೆಗೆಸಲು ಬಂದ ಯಾವ ಹೆಂಗಸೂ ರೇಷ್ಮೆ ಸೀರೆಯುಟ್ಟು ನಗುತ್ತಾ ಬಂದದ್ದನ್ನು ನಾನು ಕಂಡಿಲ್ಲ. ಆದರೆ ನಾಲ್ಕು ಪುಟದಲ್ಲಿ ಒಂದು ಕಡೆಯಾದರೂ ಆ ಮಾತ್ರೆ ನುಂಗುವವಳ ಗತಿ ಏನು ಎಂಬುದು ಬರಬೇಕಲ್ಲ? ಬರಲಿಲ್ಲ.

ಸಂಘದ ಅಧ್ಯಕ್ಷ ಡಾಕ್ಟರ್ ಬಸವಪ್ರಸಾದ್ ಕಾನೂನು ಹಿಡಿದರು. ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ ಇದೆ, ವೈದ್ಯರ ಪತ್ರಿಕೆಯಲ್ಲಿ ವೈದ್ಯರಿಗಾಗಿ ಹಾಕಿದ್ದು, ಇದರಲ್ಲಿ ತಪ್ಪೇನು ಎಂದರು. ಅದೂ ಸರಿ. ಹೀಗೆ ಪಾಪ ಒಂದು ಕಡೆ, ಕಾನೂನು ಒಂದು ಕಡೆ, ಮುಕ್ಕಾಲು ಗಂಟೆ ಎಳೆದಾಡಿದರು. ಆ ಸಾಲನ್ನು ಓದಿದವರು ಒಬ್ಬರೂ ಇಲ್ಲ. ಪತ್ರಿಕೆ ಮೇಜಿನ ಮೇಲೆಯೇ ಬಿದ್ದಿತ್ತು.

ನಾನು ಎದ್ದೆ. ಮೀನಾಳ ಹೆಸರು ಎತ್ತದೆ, ಗುಂಡ್ಲುಪೇಟೆಯ ಕೇಸೊಂದು ವಾರ್ಡಿನಲ್ಲಿದೆ, ಈ ಜಾಹೀರಾತು ನೋಡಿಯೇ ನುಂಗಿದ್ದಾಳೆ, ಸಾಲು ತಪ್ಪಾಗಿದೆ ಎಂದೆ. ಸಂಪಾದಕರಾದ ಡಾಕ್ಟರ್ ರಾಜಶೇಖರ್ ಕನ್ನಡಕ ಮೇಲೇರಿಸಿಕೊಂಡರು. ಇಂಗ್ಲಿಷಿನ ಸಾಲನ್ನು ಕನ್ನಡ ಮಾಡಿದವರು ಅವರೇ. ಅವರಿಗೆ ತಮ್ಮ ಕನ್ನಡದ ಮೇಲೆ ಬಹಳ ಅಭಿಮಾನ.

“ತಪ್ಪೇನಿದೆ ಸಿಸ್ಟರ್? ಮುಟ್ಟು ನಿಂತ ದಿನ ಅಂದರೆ ಸ್ರಾವ ನಿಂತ ದಿನ. ನಾಲ್ಕನೇ ದಿನವೋ ಐದನೇ ದಿನವೋ. ಅಲ್ಲಿಗೆ ನಾಲ್ಕೈದು ದಿನದ ವ್ಯತ್ಯಾಸ, ಅಷ್ಟೇ. ಹಳ್ಳಿ ಹೆಂಗಸರು ಓದದೆ ನುಂಗಿಬಿಟ್ಟರೆ ಅದಕ್ಕೆ ಪತ್ರಿಕೆ ಹೊಣೆಯೇ?”

ಅವರು ಹಾಗೆನ್ನುವಾಗಲೇ ಸುಂದ್ರಮ್ಮ ಟೀ ಹಿಡಿದು ಒಳಗೆ ಬಂದಳು. ಮಗಳು ವಾರ್ಡಿನಲ್ಲಿ ಮಲಗಿದ್ದರೂ, ಒಂದು ದಿನ ತಪ್ಪಿಸಿದರೆ ಆ ಜಾಗಕ್ಕೆ ಇನ್ನೊಬ್ಬಳು ಬಂದಾಳೆಂಬ ಭಯಕ್ಕೆ ಕೆಲಸಕ್ಕೆ ಬಂದಿದ್ದಳು. ಅವಳ ಮಗಳ ಸಂಗತಿ ಅಲ್ಲಿ ಕೂತವರಿಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ. ನನ್ನ ತಲೆಗೆ ರಕ್ತ ಏರಿತ್ತು. ಕೊಟ್ಟ ಮಾತು ಮರೆತುಹೋಯಿತು.

“ಸುಂದ್ರಮ್ಮ, ಮುಟ್ಟು ನಿಂತ ದಿನ ಅಂದ್ರೆ ಯಾವ ದಿನ?” ಎಂದು ಎಲ್ಲರೆದುರು ಕೇಳಿಬಿಟ್ಟೆ.

ಒಬ್ಬರು ಕೆಮ್ಮಿದರು. ಮರಿಮಲ್ಲಪ್ಪ ಕಿಟಕಿ ಕಡೆ ನೋಡಿದರು. ಸುಂದ್ರಮ್ಮ ಸೆರಗು ಎಳೆದುಕೊಂಡಳು, ಆದರೆ ಉತ್ತರ ಕೊಡಲು ತಡವರಿಸಲಿಲ್ಲ.

“ಅದ್ಯಾಕ ಸಿಸ್ಟ್ರವ್ವಾ, ಬರ್ಬೇಕಾದ್ದು ಬರ್ದೆ ಓದ ದಿನ. ಇನ್ಯಾವ್ದು?”

“ಸ್ರಾವ ನಿಲ್ಲೋದಕ್ಕೆ ಏನಂತೀಯ?”

“ಅದ್ಕೆ ನೀರಾಕಳದು ಅಂತೀವಿ. ಮುಟ್ಟು ನಿಲ್ಲದು ಅಂದ್ರೆ ಬಸ್ರಾಗದು ಕಣವ್ವ.”

“ಕೇಳಿದಿರಾ ಸಾರ್?” ಎಂದು ರಾಜಶೇಖರ್ ಮುಂದೆ ಕ್ಯಾಲೆಂಡರ್ ಬಿಚ್ಚಿದೆ. ಅವರು ನೋಡಲಿಲ್ಲ. ನೋಡಿದವಳು ಸುಂದ್ರಮ್ಮ. ಮಗಳ ಮನೆಯ ಕ್ಯಾಲೆಂಡರನ್ನು ತಾಯಿ ಗುರುತಿಸದಿರುತ್ತಾಳೆಯೇ? ಅದರ ಪಕ್ಕದಲ್ಲಿ ಗುಲಾಬಿ ಪುಟ. ಅವಳ ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಯಿತು.

“ಈ ಕಾಗ್ದ ನಮ್ಮನೆ ಗೂಡ್ನಲ್ಲಿ ಅದೆ,” ಎಂದಳು. “ಮಿಕ್ಕಿದ್ವು ಅಂತ ನಾನೇ ತಕಂಡೋಗಿದ್ದೆ.”

ಅಷ್ಟೇ ಹೇಳಿದ್ದು. ಟ್ರೇಯನ್ನು ಮೇಜಿನ ಮೇಲೆ ಬಿಟ್ಟು ಹೊರಗೆ ಹೋದಳು. ನಾನು ಬೆನ್ನಹಿಂದೆಯೇ ಹೋದೆ. ವರಾಂಡದ ನಲ್ಲಿಯ ಹತ್ತಿರ ಲೋಟ ತೊಳೆಯುತ್ತ ನಿಂತಿದ್ದಳು, ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ನಾನು ಏನು ಹೇಳಿದರೂ ತಿರುಗಲಿಲ್ಲ. ನನ್ನ ವಾದ ಗೆಲ್ಲಿಸಲು ಅವಳನ್ನು ನಿಲ್ಲಿಸಿ ಕೇಳಿದ್ದೆ. ಆ ಹೊತ್ತಿಗೆ ಒಳಗೆ ಕೂತವರ ಮೇಲೆ ಬಂದಷ್ಟೇ ಕೋಪ ನನ್ನ ಮೇಲೂ ಬಂತು.

ನಾನು ಹೊರಗಿದ್ದಾಗಲೇ ತೀರ್ಮಾನವಾಗಿತ್ತು. ಜಾಹೀರಾತು ತೆಗೆಯುವುದು, ಮುಂದಿನ ಸಂಚಿಕೆಯಲ್ಲಿ ಒಂದು ಹೇಳಿಕೆ ಹಾಕುವುದು. ಹೇಳಿಕೆ ಹೀಗಿತ್ತು: ‘ಹಿಂದಿನ ಸಂಚಿಕೆಯ ಜಾಹೀರಾತೊಂದರಿಂದ ಕೆಲವು ಹಿರಿಯರ ಭಾವನೆಗಳಿಗೆ ನೋವಾಗಿದ್ದು, ಪತ್ರಿಕೆ ವಿಷಾದಿಸುತ್ತದೆ.’ ನೋವಾಗಿದ್ದು ಹಿರಿಯರ ಭಾವನೆಗಂತೆ. ಆರನೇ ನಂಬರ್ ಮಂಚದಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದವಳಿಗೆ ಏನಾಗಿತ್ತು ಹಾಗಾದರೆ?

“ತಿದ್ದುಪಡಿ ಹಾಕಿ ಸಾರ್,” ಎಂದೆ. “ಎಲ್ಲಿಂದ ಎಣಿಸಬೇಕು ಅಂತ ಎರಡು ಸಾಲು. ನನ್ನ ಅರ್ಧ ಪುಟ ಬೇಕಾದರೆ ತೆಗೆದುಹಾಕಿ.”

“ಜಾಹೀರಾತೇ ಇಲ್ಲದ ಮೇಲೆ ತಿದ್ದುವುದು ಏನನ್ನು?” ಎಂದರು ರಾಜಶೇಖರ್.

ಮರಿಮಲ್ಲಪ್ಪನವರಿಗೆ ಆ ವಿಷಯವೇ ಮತ್ತೆ ಪತ್ರಿಕೆಯಲ್ಲಿ ಬರುವುದು ಬೇಡ. ಬಸವಪ್ರಸಾದರಿಗೆ ತಪ್ಪು ಒಪ್ಪಿಕೊಂಡರೆ ನಾಳೆ ಯಾರಾದರೂ ಕೋರ್ಟಿಗೆ ಎಳೆದಾರೆಂಬ ಯೋಚನೆ. ಮುಕ್ಕಾಲು ಗಂಟೆ ಕಿತ್ತಾಡಿದವರು ಇದೊಂದರಲ್ಲಿ ಒಂದಾದರು. ಆರುನೂರು ಗುಲಾಬಿ ಪುಟಗಳು ಅಂಗಡಿಗಳ ಡ್ರಾಯರಿನಲ್ಲಿ, ಮನೆಗಳ ಗೂಡಿನಲ್ಲಿ ಹಾಗೇ ಇದ್ದವು.

ಮೀನಾ ಹತ್ತನೇ ದಿನ ಡಿಸ್ಚಾರ್ಜ್ ಆಗಿ ಉಮ್ಮತ್ತೂರಿಗೆ ಹೋದಳು. ಒಂದು ವಾರ ಬಿಟ್ಟು ನಾನು ರಜೆ ಹಾಕಿ ಬಸ್ಸು ಹತ್ತಿದೆ. ಸುಂದ್ರಮ್ಮ ನನ್ನನ್ನು ಕಂಡು ‘ಬಾ’ ಎನ್ನಲಿಲ್ಲ, ‘ಯಾಕೆ ಬಂದೆ’ ಎಂದೂ ಅನ್ನಲಿಲ್ಲ. ಚಾಪೆ ಹಾಸಿದಳು. ಅವಳ ಕ್ಷಮೆ ಕೇಳಿದೆ.

“ಬುಡಿ ಸಿಸ್ಟ್ರವ್ವ,” ಎಂದಳು. “ನೀವು ಕೇಳ್ದೇ ಇದ್ದಿದ್ರೆ ನಂಗೆ ಗೊತ್ತಾಯ್ತಿರ್ನಿಲ್ಲ. ಆವತ್ತೇ ಕಾಗ್ದ ಕಿತ್ತೆ. ಒಲೆಗಾಕನ ಅಂದ್ಕಂಡೆ. ಆಕ್ನಿಲ್ಲ. ಸುಟ್ಬುಟ್ರೆ ನಾಳೆ ಯಾರ್ಗೆ ಏನ ತೋರ್ಸದು?”

ಗುಲಾಬಿ ಪುಟವನ್ನು ನಾಲ್ಕು ಮಡಿಕೆ ಮಾಡಿ ಮಾದಪ್ಪನ ಪಟದ ಹಿಂದೆ ಇಟ್ಟಿದ್ದಳು. ಅದನ್ನು ತೆಗೆದು ನನ್ನ ಮುಂದೆ ಹಾಕಿ ಕೇಳಿದಳು, “ಸೋಮಾರಕ್ಕೆ ಹೊಸ ಪೇಪರ್ ಬತ್ತದೆ. ಎಲ್ಲ ನನ್ ಕೈಲೇ ಓಗದು. ವಿಳಾಸದ ಚೀಟಿ ಅಂಟ್ಸೋಳು ಇನ್ನೊಂದು ಚೀಟಿ ಅಂಟ್ಸಕಾಗಲ್ವಾ?”

“ಕೆಲಸ ಹೋಗುತ್ತೆ ಸುಂದ್ರಮ್ಮ” ಎಂದೆ.

“ಓದ್ರೆ ಓಯ್ತದೆ. ನನ್ ಮಗ್ಳು ಓಗ್ಬುಟ್ಟಿದ್ರೆ?”

ನಾನು ಬರೆಯುತ್ತೇನೆ ಎಂದು ಪೆನ್ನು ತೆಗೆದೆ. ಮೀನಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಗೋಡೆಗೆ ಒರಗಿ ಕೂತು, ನಡುನಡುವೆ ನಿಲ್ಲಿಸಿ, ಉಸಿರೆಳೆದುಕೊಂಡು ಬರೆದಳು. ಒಂದು ಕಡೆಯೂ ನಾನು ತಿದ್ದಬೇಕಾಗಲಿಲ್ಲ. ‘ಮಾರ್ಚ್ ತಿಂಗಳ ಮಾತ್ರೆ ಜಾಹೀರಾತಿನಲ್ಲಿ ಮುಟ್ಟು ನಿಂತ ದಿನದಿಂದ ಎಂದು ಬರೆದಿರುವುದು ತಪ್ಪು. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಎಣಿಸಬೇಕು. ಬರಬೇಕಾದ್ದು ಬರದ ದಿನದಿಂದ ಎಣಿಸಿದರೆ ನಾಲ್ಕು ವಾರ ಕಡಿಮೆ ತೋರುತ್ತದೆ, ಜೀವಕ್ಕೆ ಅಪಾಯ. ಡಾಕ್ಟರಿಗೆ ತೋರಿಸದೆ ನುಂಗಬೇಡಿ. ಕೊಡಬೇಡಿ.’ ಕೊನೆಯ ಪದವನ್ನು ಅಂಗಡಿಯವರಿಗೆಂದು ಒತ್ತಿ ಬರೆದಳು.

ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮಾಡಿಸಿದೆ. ಸೋಮವಾರ ಬೆಳಿಗ್ಗೆ ಹಾಲಿನ ನೆಲದ ಮೇಲೆ ಸುಂದ್ರಮ್ಮ ಮೈದಾ ಅಂಟಿನ ಡಬ್ಬ ಇಟ್ಟುಕೊಂಡು ಕೂತಳು, ಎದುರಿಗೆ ನಾನು ಕತ್ತರಿ ಹಿಡಿದು ಕೂತೆ. ನಾನು ಚೀಟಿ ಕತ್ತರಿಸುವುದು, ಅವಳು ‘ವಿಷಾದಿಸುತ್ತದೆ’ ಎಂಬುದರ ಕೆಳಗೆ ಅಂಟಿಸಿ ಅಂಗೈಯಲ್ಲಿ ಉಜ್ಜುವುದು. ಅರ್ಧ ಮುಗಿದಿತ್ತು. ಅಂಚೆಗೆ ಹೋಗುವ ಮುಂಚೆ ಒಂದು ಪ್ರತಿ ನೋಡೋಣವೆಂದು ಡಾಕ್ಟರ್ ರಾಜಶೇಖರ್ ಬಂದರು.

ಒಂದನ್ನು ಎತ್ತಿಕೊಂಡರು. ಮುಖ ಕೆಂಪಾಯಿತು. ನನ್ನನ್ನು ಕೇಳಲಿಲ್ಲ, ಅವಳನ್ನೇ ಕೇಳಿದರು.

“ಏನಿದು ಸುಂದ್ರಮ್ಮ? ಓದಕ್ಕೆ ಬರಲ್ಲ ನಿನಗೆ. ಯಾರು ಏನು ಕೊಟ್ಟರೂ ಅಂಟಿಸಿಬಿಡೋದಾ?”

ನಾನು ಬಾಯಿ ತೆರೆದೆ. ಸುಂದ್ರಮ್ಮ ಅಂಟಿನ ಕೈಯನ್ನೇ ಎತ್ತಿ ನನ್ನನ್ನು ತಡೆದಳು.

“ಬರಕಿಲ್ಲ ಸಾ. ಅದ್ಕೇ ಓದ ಸಲ ಆ ಗುಲಾಬಿ ಕಾಗ್ದಾನೂ ಕಳಿಸ್ಬುಟ್ಟೆ. ಈ ಸಲ ನೀವೇ ಓದಿ ಏಳಿ. ಇದ್ರಲ್ಲಿ ತಪ್ಪದಾ?”

ಅವರು ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. ಬೆರಳು ಮಡಿಚಿ ಏನೋ ಎಣಿಸಿದಂತೆ ಕಂಡಿತು. ಹೊರಗೆ ಆಟೋದವನೊಬ್ಬ ಹಾರ್ನ್ ಮಾಡುತ್ತಲೇ ಇದ್ದ.

“ತಪ್ಪಿಲ್ಲ” ಎಂದರು.

“ಜೋರಾಗಿ ಏಳಿ ಸಾ, ಕೇಳ್ನಿಲ್ಲ.”

“ತಪ್ಪಿಲ್ಲ.”

ಸುಂದ್ರಮ್ಮ ಕಟ್ಟಿನಿಂದ ಇನ್ನೊಂದು ಪ್ರತಿ ಎಳೆದುಕೊಂಡು ಬ್ರಷ್ಷನ್ನು ಅಂಟಿಗೆ ಅದ್ದಿದಳು. ತಲೆಯೆತ್ತದೆ ಹೇಳಿದಳು.

“ಬರ್ದವ್ಳು ನನ್ ಮಗ್ಳು ಸಾ. ಓದ್ದೆ ನುಂಗ್ಬುಟ್ಲು ಅಂದ್ರಲ್ಲ, ಅವ್ಳೇ.”